ಇಂದಿನ ಧಮ್ಮ ಚಿಂತನೆ: ಮಗುವಿಗೆ ಮೊದಲು ಕಲಿಸಬೇಕಾದದ್ದು ಯಾವುದು?



ಶಾಲೆಗಳಲ್ಲಿ ಮಕ್ಕಳಿಗೆ ಧ್ಯಾನ ಕಲಿಸಬೇಕು ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. 2018ರ ಜುಲೈನಲ್ಲಿ ದೆಹಲಿ ಸರ್ಕಾರ ತನ್ನ ಶಾಲೆಗಳಲ್ಲಿ ನರ್ಸರಿಯಿಂದ 8ನೇ ತರಗತಿಯವರೆಗೆ 'ಹ್ಯಾಪಿನೆಸ್ ಕರಿಕ್ಯುಲಮ್' ಶುರುಮಾಡಿತು. ದಲೈಲಾಮಾ ಅವರ ಸಮ್ಮುಖದಲ್ಲೇ ಅದಕ್ಕೆ ಚಾಲನೆ ಸಿಕ್ಕಿತು. ಆ ಪೀರಿಯಡ್‌ನಲ್ಲಿ ಮಕ್ಕಳು ಕೆಲವು ನಿಮಿಷ ಸುಮ್ಮನೆ ಕೂತು ಉಸಿರನ್ನು ಗಮನಿಸುತ್ತಿದ್ದರು. ಇದಕ್ಕೆ ಇಂಗ್ಲಿಷಿನವರು ಮೈಂಡ್‌ಫುಲ್‌ನೆಸ್ ಎನ್ನುತ್ತಾರೆ. ಪಾಲಿಯಲ್ಲಿ ಇದು ಸತಿ, ಎಂದರೆ ಎಚ್ಚರ. ಅಷ್ಟಾಂಗ ಮಾರ್ಗದ ಒಂದು ಅಂಗ.

ನಮ್ಮ ಬುದ್ಧರ ಮಾತು ಶಾಲೆಗೆ ಬಂತೆಂದು ಸಂತೋಷಪಡಬೇಕೇ? ಪಡೋಣ. ಆದರೆ ಒಂದು ಪ್ರಶ್ನೆ ಕೇಳಿಕೊಂಡು ಪಡೋಣ.

ಶಾಲೆಯಲ್ಲಿ ಬಾಲಕ ಭೀಮರಾವ್ ಮೂಲೆಯಲ್ಲಿ ಒಬ್ಬನೇ ಗೋಣಿತಟ್ಟಿನ ಮೇಲೆ ಕೂರಬೇಕಿತ್ತು. ಶಾಲೆಯ ಕೆಲಸದವನು ಆ ಗೋಣಿಯನ್ನು ಮುಟ್ಟುತ್ತಿರಲಿಲ್ಲ. ಸಂಜೆ ಅದನ್ನು ಮನೆಗೆ ಒಯ್ದು ಮರುದಿನ ಮತ್ತೆ ತರಬೇಕು. ಬಾಯಾರಿದರೆ ನಲ್ಲಿ ಮುಟ್ಟುವಂತಿಲ್ಲ, ಜವಾನ ಬಂದು ತಿರುಗಿಸಬೇಕು. ಜವಾನ ಇಲ್ಲವೆಂದರೆ ನೀರೂ ಇಲ್ಲ. ಬಾಬಾಸಾಹೇಬರೇ ಇದನ್ನು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿದ್ದಾರೆ. ಆ ಬಾಯಾರಿದ ಮಗುವಿಗೆ ಯಾರಾದರೂ "ಕಣ್ಣು ಮುಚ್ಚು, ಉಸಿರು ನೋಡು, ಮನಸ್ಸು ಶಾಂತವಾಗುತ್ತದೆ" ಎಂದಿದ್ದರೆ ಅದು ಧಮ್ಮವಾಗುತ್ತಿತ್ತೇ? ಆಗುತ್ತಿರಲಿಲ್ಲ. ಅಲ್ಲಿ ಸರಿಪಡಿಸಬೇಕಾಗಿದ್ದದ್ದು ನಲ್ಲಿಯ ಸುತ್ತ ಇದ್ದ ಕಟ್ಟಳೆ.

ಹಾಗಾದರೆ ಭಗವಾನ್ ಬುದ್ಧರು ಮಗುವಿಗೆ ಹೇಗೆ ಕಲಿಸಿದರು? ಮಜ್ಝಿಮ ನಿಕಾಯದಲ್ಲಿ ಇದಕ್ಕೆ ಉತ್ತರವಿದೆ. ಅಂಬಲಟ್ಠಿಕ ರಾಹುಲೋವಾದ ಸುತ್ತವನ್ನು ಕೇಳಿದಾಗ ರಾಹುಲನಿಗೆ ಏಳು ವರ್ಷ ಎನ್ನುತ್ತದೆ ಪರಂಪರೆ. ಕಾಲು ತೊಳೆದ ಪಾತ್ರೆಯಲ್ಲಿ ಉಳಿದ ತುಸು ನೀರನ್ನು ತೋರಿಸಿ, ಗೊತ್ತಿದ್ದೂ ನಾಚಿಕೆಯಿಲ್ಲದೆ ಸುಳ್ಳು ಹೇಳುವವನಲ್ಲಿ ಒಳ್ಳೆಯತನ ಇಷ್ಟೇ ಉಳಿಯುತ್ತದೆ ಎಂದು ತಿಳಿಸಿದರು. ಆಮೇಲೆ ಕನ್ನಡಿ ಯಾತಕ್ಕೆ ಎಂದು ಕೇಳಿದರು. ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ನೋಡಿಕೋ: ಇದರಿಂದ ನನಗೆ ನೋವೇ? ಇತರರಿಗೆ ನೋವೇ?

ಉಸಿರಿನ ಧ್ಯಾನ ಬಂದದ್ದು ಇನ್ನೊಂದು ಸುತ್ತದಲ್ಲಿ, ರಾಹುಲ ಬೆಳೆದ ಮೇಲೆ. ಅಲ್ಲಿಯೂ ಅದಕ್ಕಿಂತ ಮೊದಲು ಬುದ್ಧರು ಭೂಮಿಯಂತೆ ಇರು ಎಂದರು. ಶುದ್ಧವಾದದ್ದು ಬಿದ್ದರೂ ಅಶುದ್ಧವಾದದ್ದು ಬಿದ್ದರೂ ಭೂಮಿ ಅಸಹ್ಯಪಡುವುದಿಲ್ಲ. ನಂತರ ಮೈತ್ರಿ, ಕರುಣೆ. ಕೊನೆಗೆ ಉಸಿರು. ಈ ಕ್ರಮವನ್ನು ಗಮನಿಸಿ. ಶೀಲ ಮತ್ತು ಮೈತ್ರಿ ಬಿಟ್ಟು ಉಸಿರನ್ನಷ್ಟೇ ತೆಗೆದುಕೊಂಡರೆ ಸತಿ ಬರೀ ನೋವು ಮರೆಸುವ ಗುಳಿಗೆಯಾಗುತ್ತದೆ.

ಹಾಗೆಂದು ಧ್ಯಾನ ನಮ್ಮ ಮಕ್ಕಳಿಗೆ ಬೇಡ ಎನ್ನಬಾರದು. ಅವಮಾನವಾದ ಮಗುವಿನ ಎದೆ ಹೊಡೆದುಕೊಳ್ಳುತ್ತದೆ, ಮಾತು ತೊದಲುತ್ತದೆ. ಉಸಿರನ್ನು ಹಿಡಿತಕ್ಕೆ ತಂದುಕೊಂಡ ಮಗು ಎದ್ದು ನಿಂತು "ಸರ್, ಇದು ಸರಿಯಲ್ಲ" ಎಂದು ನಡುಗದೆ ಹೇಳಬಲ್ಲದು. ಶಿಕ್ಷಣ, ಸಂಘಟನೆ, ಹೋರಾಟ ಮೂರಕ್ಕೂ ಗಟ್ಟಿ ಮನಸ್ಸು ಬೇಕು. ಆದರೆ ಬಿಸಿಯೂಟದ ಸಾಲಿನಲ್ಲಿ ತಟ್ಟೆ ದೂರ ಸರಿಸುವ ಮಗುವಿಗೆ, ಅದನ್ನು ಕಂಡೂ ಕಾಣದಂತಿರುವ ಶಿಕ್ಷಕರಿಗೆ ಸತಿ ಇನ್ನೂ ಹೆಚ್ಚು ಬೇಕು. ನೊಂದವರಿಗೆ ಮಾತ್ರ ಶಾಂತಿಯ ಪಾಠ, ನೋಯಿಸುವವರಿಗೆ ಯಾವ ಪಾಠವೂ ಇಲ್ಲ ಎಂದರೆ ಅದು ಸಮತೆಯಲ್ಲ.

"ಸರ್ಕಾರಿ ಶಾಲೆಯಲ್ಲಿ ಇದು ಧರ್ಮಬೋಧನೆಯಾಗುವುದಿಲ್ಲವೇ?" ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎನ್ನುತ್ತದೆ ಸಂವಿಧಾನದ 28ನೇ ವಿಧಿ. ಬೇರೆಯವರ ಪೂಜೆ ನಮ್ಮ ಮಕ್ಕಳ ಮೇಲೆ ಬೇಡ ಎನ್ನುವ ನಾವು ತಿಸರಣವನ್ನು ಇತರರ ಮಕ್ಕಳ ಮೇಲೆ ಹೇರಬಾರದು. ಆದರೆ "ನನ್ನಿಂದ ಯಾರಿಗಾದರೂ ನೋವಾಯಿತೇ?" ಎಂಬ ಪ್ರಶ್ನೆ ಯಾವ ಧರ್ಮದ ಮಗುವಾದರೂ ಕೇಳಿಕೊಳ್ಳಬಹುದಾದದ್ದು.

*ಇಂದಿನ ಅಭ್ಯಾಸ:* ರಾತ್ರಿ ಪಂಚಶೀಲ ಹೇಳಿದ ಮೇಲೆ ಮಕ್ಕಳ ಜೊತೆ ಎರಡು ನಿಮಿಷ ಸುಮ್ಮನೆ ಕೂರಿ. ಆಮೇಲೆ ಕೇಳಿ: ಇವತ್ತು ನಿನ್ನಿಂದ ಯಾರಿಗಾದರೂ ನೋವಾಯಿತಾ ಮಗಾ? ನಿನಗೆ ಯಾರಾದರೂ ನೋವು ಮಾಡಿದರಾ? ಎರಡನೆಯದಕ್ಕೆ ಮಗು "ಹೌದು" ಎಂದರೆ ಸಮಾಧಾನ ಹೇಳಿ ಮಲಗಿಸಿಬಿಡಬೇಡಿ. ಬೆಳಿಗ್ಗೆ ಮಗುವಿನ ಕೈಹಿಡಿದು ಶಾಲೆಗೆ ಹೋಗಿ ವಿಚಾರಿಸಿ.

ಎಲ್ಲರಿಗೂ ಮಂಗಳವಾಗಲಿ. ಜೈಭೀಮ್ 💙