ಒಂದೇ ಮುಖದ ಜೀವರು

ಉಡುಪಿಯಿಂದ ಪೂರ್ವಕ್ಕೆ ಹೊರಟ ಮಾರ್ಗವು ಹೆಬ್ರಿಯನ್ನು ಹಾದು, ಸೋಮೇಶ್ವರದ ಕಾಡನ್ನು ಹೊಕ್ಕು, ಆಗುಂಬೆಯ ತಿರುವುಗಳನ್ನೇರಿ ಶೃಂಗೇರಿಯ ಕಡೆಗೆ ಸಾಗುತ್ತದೆ. ಈ ಮಾರ್ಗದ ಪಡುವಣ ತುದಿಯಲ್ಲಿ, ಜೀವನು ಬ್ರಹ್ಮನಿಂದಲೂ ಬೇರೆ, ಜೀವಜೀವರು ತಮ್ಮತಮ್ಮೊಳಗೂ ಎಂದೆಂದಿಗೂ ಬೇರೆ ಎಂದು ಸಾರಿದ ಮಧ್ವಾಚಾರ್ಯರ ಕೃಷ್ಣಮಠವೂ, ಘಟ್ಟದ ಮೇಲಣ ತುದಿಯಲ್ಲಿ, ಆ ಭೇದವೆಲ್ಲವೂ ಅವಿದ್ಯಾಕಲ್ಪಿತವೆಂದ ಶಂಕರರ ಪೀಠವೂ ಇರುವುದರಿಂದ, ನಡುದಾರಿಯಲ್ಲಿ ಮನೆಮಾಡಿಕೊಂಡ ನನ್ನಂಥವನಿಗೆ, ಜೀವರು ಒಬ್ಬರೋ ಹಲವರೋ ಎಂಬ ಪ್ರಶ್ನೆಯು ಬಾಲ್ಯದಿಂದಲೂ ದಾರಿಯಲ್ಲಿ ಓಡುವ ಬಸ್ಸುಗಳ ಬೋರ್ಡಿನಲ್ಲಿಯೇ ಬರೆದಿಟ್ಟಂತೆ ಕಾಣುತ್ತಿತ್ತು. ಕಳೆದ ಆಷಾಢದಲ್ಲಿ ಅದು ಮತ್ತೆ ನನ್ನನ್ನು ಹಿಡಿದು ಕೂರಿಸಿತು. ಕೂರಿಸಿದ್ದು ಮಾತ್ರ ಭಾಷ್ಯಗ್ರಂಥವಲ್ಲ, ಅಮೆರಿಕದ ಒಂದು ಅನಿಮೇಷನ್ ಚಿತ್ರ.

ಸೀತಾನದಿ ಕೆಂಪಗೆ ಉಕ್ಕಿ ಹರಿಯುತ್ತಿತ್ತು. ಮಳೆಯ ಕಾರಣದಿಂದ ಶಾಲೆಗಳಿಗೆಲ್ಲ ರಜೆ ಸಾರಿದ್ದರು. ಮೊಮ್ಮಗ ಚಾವಡಿಯ ಮೇಜಿನ ಮೇಲೆ ತನ್ನ ಲ್ಯಾಪ್‌ಟಾಪನ್ನು ತೆರೆದಿಟ್ಟು ನನ್ನನ್ನು ಪಕ್ಕಕ್ಕೆ ಕರೆದ. ಅವನು ತೋರಿಸಿದ್ದು ‘ಸ್ಟಾರ್ ವಾರ್ಸ್: ದಿ ಕ್ಲೋನ್ ವಾರ್ಸ್’ ಎಂಬ ಚಿತ್ರ. ಡೇವ್ ಫಿಲೋನಿ ನಿರ್ದೇಶಿಸಿ, 2008ರ ಆಗಸ್ಟ್ 15ರಂದು ಅಮೆರಿಕದಲ್ಲಿ ತೆರೆಕಂಡ ಈ ಕೃತಿ ಚಿತ್ರಮಂದಿರಕ್ಕೆಂದು ಹುಟ್ಟಿದ್ದೇ ಅಲ್ಲ; ದೂರದರ್ಶನದ ಧಾರಾವಾಹಿಗೆಂದು ಸಿದ್ಧವಾಗುತ್ತಿದ್ದ ಮೊದಮೊದಲ ಕಂತುಗಳನ್ನು ದೊಡ್ಡ ತೆರೆಯ ಮೇಲೆ ಕಂಡು ಮೆಚ್ಚಿದ ಜಾರ್ಜ್ ಲ್ಯೂಕಾಸರು, ಅವನ್ನೇ ಜೋಡಿಸಿ ಚಲನಚಿತ್ರವಾಗಿ ಬಿಡುಗಡೆ ಮಾಡಿಸಿದರು. ಹೊಲಿಗೆಯ ಗುರುತು ಎದ್ದು ಕಾಣುತ್ತದೆ. ಕಳ್ಳಸಾಗಣೆಯ ದೊರೆಯೊಬ್ಬನ ಮಗುವನ್ನು ಯಾರೋ ಅಪಹರಿಸಿದ್ದಾರೆ. ಅವನ ಹಿಡಿತದಲ್ಲಿರುವ ಆಕಾಶಮಾರ್ಗಗಳು ಸೈನ್ಯ ಸಾಗಿಸಲು ಬೇಕಾಗಿರುವುದರಿಂದ, ಧರ್ಮಪಕ್ಷದ ವೀರರು ಆ ಮಗುವನ್ನು ಹುಡುಕಿ ತಂದೊಪ್ಪಿಸಬೇಕು. ಇಷ್ಟೇ ಕಥೆ. ವಿಮರ್ಶಕರು ಬಹುಮಟ್ಟಿಗೆ ಇದನ್ನು ತಿರಸ್ಕರಿಸಿದರೆಂದು ಮೊಮ್ಮಗನೇ ಹೇಳಿದ. ಅವರು ಅನ್ಯಾಯ ಮಾಡಿದರೆಂದು ನನಗೂ ತೋರಲಿಲ್ಲ.

ಆ ಚಿತ್ರದ ಕೊರತೆಯ ಮೂಲ ಮರದಲ್ಲಿ ಕೆತ್ತಿದಂಥ ಮುಖಗಳಲ್ಲಿಲ್ಲ. ಹಗುರವಾದ ಕಥೆಯಲ್ಲಿಯೂ ಇಲ್ಲವೆಂದು ನನಗೆ ತೋರುತ್ತದೆ. ಈ ಲೋಕದ ಧರ್ಮಪಕ್ಷಕ್ಕೆ ಒಂದು ಸೈನ್ಯವುಂಟು: ಜ್ಯಾಂಗೋ ಫೆಟ್ ಎಂಬ ಒಬ್ಬನೇ ಮನುಷ್ಯನ ದೇಹದಿಂದ ಬೀಜವನ್ನು ತೆಗೆದು, ಕಮೀನೋ ಎಂಬ ಗ್ರಹದಲ್ಲಿ, ಸಾಮಾನ್ಯರ ಇಮ್ಮಡಿ ವೇಗದಲ್ಲಿ ಬೆಳೆಸಿದ ತದ್ರೂಪಿಗಳ ಸೈನ್ಯ. ಎಲ್ಲರಿಗೂ ಒಂದೇ ಮುಖ. ಹುಟ್ಟಿದಾಗ ಹೆಸರಿಲ್ಲ, ಸಂಖ್ಯೆ ಮಾತ್ರ. ಇಂಥವರು ಆ ಚಿತ್ರದಲ್ಲಿ ಗುಂಪುಗುಂಪಾಗಿ ಬೀಳುತ್ತಾರೆ, ನೋಡುವವನ ಎದೆಯಲ್ಲಿ ಏನೂ ಅಲುಗುವುದಿಲ್ಲ. ‘ಅಜ್ಜ, ಇವರೆಲ್ಲ ಒಬ್ಬನೇ ಅಲ್ವಾ? ಒಬ್ಬ ಸತ್ತರೆ ಏನಾಯ್ತು?’ ಎಂದು ಮೊಮ್ಮಗ ಕೇಳಿದಾಗ, ಚಿತ್ರವೇ ಅವನ ಬಾಯಿಯಿಂದ ಆ ಮಾತನ್ನು ಆಡಿಸಿತೆಂದು ನನಗನ್ನಿಸಿತು.

ನಮ್ಮ ಸೀಮೆಯ ಯಕ್ಷಗಾನದಲ್ಲಿ ಸಂಜೆಯ ಪೂರ್ವರಂಗಕ್ಕೆ ಕಲಿಯುವ ಹುಡುಗರು ಕೋಡಂಗಿಯಾಗಿ, ಬಾಲಗೋಪಾಲರಾಗಿ ಬಂದು ಕುಣಿದು ಹೋಗುತ್ತಾರೆ. ಹರಕೆಯಾಟಕ್ಕೆ ಬಂದ ಹಿರಿಯರು ಅಷ್ಟನ್ನು ನೋಡಿ ಎದ್ದುಹೋಗುವವರಲ್ಲ, ಒಡ್ಡೋಲಗಕ್ಕೆ ಕಾದಿರುತ್ತಾರೆ. ಆ ಅಭ್ಯಾಸದಿಂದಲೇ ನಾನೂ ಕುಳಿತೆ. ಅದೇ ವರ್ಷದ ಅಕ್ಟೋಬರ್ 3ರಂದು ಆರಂಭವಾದ ಧಾರಾವಾಹಿಯ ಮೊದಲ ಕಂತಿನಲ್ಲಿಯೇ ನನ್ನ ಕಾಯುವಿಕೆಗೆ ಫಲ ದೊರೆಯಿತು.

ಯೋಡಾ ಎಂಬ ವೃದ್ಧ ಗುರುವು ಮೂವರು ತದ್ರೂಪಿ ಯೋಧರೊಡನೆ ಶತ್ರುಗಳಿಂದ ಸುತ್ತುವರಿಯಲ್ಪಟ್ಟು, ಒಂದು ಗುಹೆಯಲ್ಲಿ ಕ್ಷಣಕಾಲ ವಿಶ್ರಮಿಸುತ್ತಾನೆ. ಶಿರಸ್ತ್ರಾಣಗಳನ್ನು ತೆಗೆಯಿರಿ, ನಿಮ್ಮ ಮುಖಗಳನ್ನು ನೋಡಬೇಕು ಎನ್ನುತ್ತಾನೆ. ನೋಡುವುದಕ್ಕೇನಿದೆ, ನಮ್ಮೆಲ್ಲರದೂ ಒಂದೇ ಮುಖ ಎಂದು ಅವರು ಸಂಕೋಚಪಡುತ್ತಾರೆ. ಕಣ್ಣು ವಂಚಿಸಬಲ್ಲದು, ಜಗತ್ತನ್ನು ವ್ಯಾಪಿಸಿರುವ ಶಕ್ತಿಯಲ್ಲಿ ನೀವು ಪ್ರತಿಯೊಬ್ಬರೂ ಬೇರೆಬೇರೆ ಎಂಬರ್ಥದ ಮಾತನ್ನಾಡಿ, ಆ ಗುರುವು ಒಬ್ಬೊಬ್ಬನಿಗೂ ಅವನವನಿಗೆ ತಕ್ಕ ಹಿತವಚನವನ್ನು ಹೇಳುತ್ತಾನೆ. ಇಲ್ಲಿ ಮೊಮ್ಮಗ ನನ್ನ ಮುಖವನ್ನು ನೋಡಿದ. ನಾನು ಪಾಜಕದಲ್ಲಿ ಹುಟ್ಟಿದ ಆಚಾರ್ಯರನ್ನು ನೆನೆಯುತ್ತಿದ್ದೆ.

ಹದಿಮೂರನೆಯ ಶತಮಾನದಲ್ಲಿ ಮಧ್ವರು ಪಂಚಭೇದವನ್ನು ಪ್ರತಿಪಾದಿಸಿದಾಗ, ಅದರೊಳಗಿನ ಜೀವಜೀವಭೇದಕ್ಕೆ ಅವರು ಮುಖಲಕ್ಷಣಗಳನ್ನು ಸಾಕ್ಷ್ಯವಾಗಿ ಕರೆಯಲಿಲ್ಲ. ನನ್ನ ಸುಖದುಃಖಗಳನ್ನು ನಾನು ಅನುಭವಿಸುತ್ತೇನೆ, ನಿನ್ನವನ್ನು ನೀನು. ಈ ಅನುಭವವನ್ನು ಅರಿಯುವ ಸಾಕ್ಷಿಯು ಜೀವಸ್ವರೂಪವೇ ಆದುದರಿಂದ, ಕಣ್ಣು ಕಿವಿಗಳಂತೆ ಅದಕ್ಕೆ ಮೋಸವಿಲ್ಲ ಎಂಬುದು ಆ ಸಿದ್ಧಾಂತದ ತಿರುಳು. ನಮ್ಮ ಬಚ್ಚಲ ಹಿಂದಣ ಬಾಳೆಯ ಹಿಂಡಿಲಿನಿಂದ ಕಂದುಗಳನ್ನು ಕಿತ್ತು ಬೇಲಿಯ ಬದಿಗೂ ನೆಟ್ಟಿದ್ದೇನೆ. ವಿಜ್ಞಾನದ ದೃಷ್ಟಿಯಿಂದ ಅವೂ ಒಂದೇ ಬೀಜದ ತದ್ರೂಪಿಗಳು. ಒಂದು ಗೊನೆಹಾಕಿ ಬಾಗಿದರೆ ಇನ್ನೊಂದು ಇನ್ನೂ ಎಲೆ ಬಿಡುತ್ತಿದೆ. ಗಾಳಿಗೆ ಮುರಿದದ್ದು ಬೇಲಿಯ ಬದಿಯದು. ಬಚ್ಚಲ ಬಳಿಯದಕ್ಕೆ ಆ ಪೆಟ್ಟು ತಾಗಲಿಲ್ಲ. ಬೀಜ ಒಂದೆಂಬುದರಿಂದ ನೋವು ಒಂದಾಗದು ಎಂಬ ಸಿದ್ಧಾಂತವನ್ನು ನಾನು ಮೊಮ್ಮಗನಿಗೆ ತೋರಿಸಿಕೊಟ್ಟದ್ದು ಈ ಬಾಳೆಯಿಂದ. ಅವನು ತನ್ನ ಪಾಲಿಗೆ ನನಗೊಂದು ಸಂಗತಿ ತಿಳಿಸಿದ: ಆ ಧಾರಾವಾಹಿಯಲ್ಲಿ ತದ್ರೂಪಿಗಳೆಲ್ಲರಿಗೂ ಧ್ವನಿ ಕೊಟ್ಟವನು ಡೀ ಬ್ರಾಡ್ಲಿ ಬೇಕರ್ ಎಂಬ ಒಬ್ಬನೇ ನಟ. ಒಂದೇ ಕಂಠ, ಒಬ್ಬೊಬ್ಬನಿಗೆ ಒಂದೊಂದು ವರಸೆ. ಅನಂತರ ನಾನು ಕಣ್ಣು ಮುಚ್ಚಿ ಕೇಳಿದೆ. ಯಾರು ಮಾತಾಡುತ್ತಿದ್ದಾರೆಂದು ಗುರುತು ಹತ್ತುತ್ತಿತ್ತು.

ಸಾರೂಪ್ಯವೆಲ್ಲವೂ ಹೀನವೆಂದು ನಾನು ಹೇಳಲಾರೆ. ವರಂಗ, ಮುನಿಯಾಲುಗಳನ್ನು ಹಾದು ಕಾರ್ಕಳಕ್ಕೆ ಹೋದರೆ, 1586ರಲ್ಲಿ ಕಟ್ಟಿಸಿದ ಚತುರ್ಮುಖ ಬಸದಿಯುಂಟು. ನಾಲ್ಕು ದಿಕ್ಕಿಗೂ ಒಂದೇ ತೆರನಾದ ಬಾಗಿಲು. ಯಾವ ಬಾಗಿಲಲ್ಲಿ ನಿಂತು ನೋಡಿದರೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರು ನಿಂತಿರುತ್ತಾರೆ. ಜಿನಬಿಂಬಗಳಲ್ಲಿ ಅದೇ ನಿಲುವು, ಅದೇ ಶಾಂತಿ. ಇವನಾರೆಂದು ತಿಳಿಸುವುದು ಲಾಂಛನ, ಅರನಿಗೆ ಮೀನು, ಮಲ್ಲಿಗೆ ಕಲಶ, ಮುನಿಸುವ್ರತನಿಗೆ ಆಮೆ. ಜೈನರ ಮತದಲ್ಲಿಯೂ ಮುಕ್ತರು ಅನೇಕರೇ. ಗುಣದಲ್ಲಿ ಸಮಾನರಾಗಿಯೂ ಒಬ್ಬರಲ್ಲೊಬ್ಬರು ಕರಗಿಹೋಗುವುದಿಲ್ಲ. ಅಲ್ಲಿ ಸಾಮ್ಯವು ಅವರವರು ತಪಸ್ಸಿನಿಂದ ಸಂಪಾದಿಸಿಕೊಂಡದ್ದು. ಕಮೀನೋದಲ್ಲಿ ಅದು ಇನ್ನೊಬ್ಬರ ಪ್ರಯೋಜನಕ್ಕಾಗಿ ಎರೆದ ಅಚ್ಚು. ಆ ಯೋಧರು ತಮ್ಮ ಶಿರಸ್ತ್ರಾಣಗಳಿಗೆ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬಣ್ಣ ಬಳಿದುಕೊಳ್ಳುವುದನ್ನೂ, 7567 ಎಂಬ ಸಂಖ್ಯೆಯವನು ರೆಕ್ಸ್ ಎಂಬ ಹೆಸರನ್ನೂ, ನಾಲ್ಕು ಐದುಗಳವನು ಫೈವ್ಸ್ ಎಂಬ ಹೆಸರನ್ನೂ ಧರಿಸುವುದನ್ನೂ ಕಂಡಾಗ ನನಗೆ ಆ ಲಾಂಛನಗಳ ನೆನಪಾಯಿತು.

2011ರಲ್ಲಿ ಪ್ರಸಾರವಾದ ಉಂಬಾರಾ ಗ್ರಹದ ನಾಲ್ಕು ಕಂತುಗಳಲ್ಲಿ ನನ್ನ ಬುದ್ಧಿ ತೂಗುಯ್ಯಾಲೆಯಾಯಿತು. ಕತ್ತಲೆಯ ಕಾಡು. ಶತ್ರುಗಳು ನಿಮ್ಮವರ ಕವಚ ತೊಟ್ಟು ಬರುತ್ತಿದ್ದಾರೆ, ಕೊಲ್ಲಿರಿ ಎಂದು ದ್ರೋಹಿ ಸೇನಾಪತಿಯು ಆಜ್ಞಾಪಿಸುತ್ತಾನೆ. ಹೋರಾಟದ ನಡುವೆ ರೆಕ್ಸನು ಬಿದ್ದವನೊಬ್ಬನ ಶಿರಸ್ತ್ರಾಣವನ್ನು ಕಳಚುತ್ತಾನೆ. ಒಳಗಿರುವುದು ಅವನದೇ ಮುಖ. ಕೊಂದವನೂ ಕೊಲ್ಲಲ್ಪಟ್ಟವನೂ ಒಂದೇ ಎನ್ನುವ ಘಟ್ಟದ ಮೇಲಣ ದರ್ಶನವು ಆ ಕ್ಷಣದಲ್ಲಿ ನನ್ನನ್ನು ಎಳೆದುಕೊಂಡದ್ದು ನಿಜ. ಹಿಂಸೆಯ ಅಸಂಬದ್ಧತೆಯನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ. ಆದರೂ ರೆಕ್ಸನು ಮುಂದೆ ಮಾಡುವುದೇನು? ಓಡಿ, ನಿಲ್ಲಿಸಿರಿ ಎಂದು ಕೂಗಿ, ಆ ದಳದ ನಾಯಕನು ಯಾರೆಂದು ಹುಡುಕುತ್ತಾನೆ. ವ್ಯಾಕ್ಸರ್ ಎಂಬವನು, ಪ್ರಾಣ ಹೋಗುವ ಹೊತ್ತಿನಲ್ಲಿ ಅವನಿಗೆ ಸಿಕ್ಕುತ್ತಾನೆ. ಹೆಸರುಳ್ಳ ಒಬ್ಬನು ಸಾಯುತ್ತಿದ್ದಾನೆ. ಅವನು ಸತ್ತರೆ ಅದೇ ಮುಖದ ಲಕ್ಷಾಂತರ ಮಂದಿ ಉಳಿದಿದ್ದರೂ ಅವನು ಉಳಿದಂತಾಗದು. ನಾನು ಮರಳಿ ಪಡುವಣಕ್ಕೆ ಇಳಿದೆ.

ಇದಕ್ಕೂ ಕಠಿನವಾದ ಪ್ರಶ್ನೆಯೊಂದು 2014ರ ಕಂತುಗಳಲ್ಲಿ ಬರುತ್ತದೆ. ಪ್ರತಿಯೊಬ್ಬ ತದ್ರೂಪಿಯ ಮಿದುಳಿನಲ್ಲಿಯೂ ಹುಟ್ಟುವ ಮುನ್ನವೇ ಒಂದು ಚಿಪ್ಪನ್ನು ಹುದುಗಿಸಿದ್ದಾರೆ. ಆಜ್ಞೆ ಬಂದೊಡನೆ ಅದು ಎಚ್ಚೆತ್ತು, ಅವನಿಂದ ತನ್ನ ಗುರುಗಳನ್ನೂ ಮಿತ್ರರನ್ನೂ ಕೊಲ್ಲಿಸುತ್ತದೆ. ಫೈವ್ಸ್ ಇದನ್ನು ಪತ್ತೆಹಚ್ಚುತ್ತಾನೆ. ಯಾರೂ ನಂಬುವುದಿಲ್ಲ, ಹುಚ್ಚನೆಂದು ತಿಳಿದು, ಅವನದೇ ಮುಖದ ಇನ್ನೊಬ್ಬನು ಅವನನ್ನು ಗುಂಡಿಕ್ಕಿ ಕೊಲ್ಲುತ್ತಾನೆ. ‘ನಮ್ಮ ದೇವರೂ ಹೃದಯದೊಳಗೆ ಕೂತು ಎಲ್ಲವನ್ನೂ ಮಾಡಿಸುತ್ತಾನೆ ಅಂತೀರಲ್ಲ ಅಜ್ಜ, ಅದೂ ಹೀಗೇ ಚಿಪ್ಪೇ?’ ಎಂದ ಹುಡುಗ. ಆ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ.

ಮಧ್ವಮತದಲ್ಲಿ ಸ್ವತಂತ್ರನು ಹರಿಯೊಬ್ಬನೇ, ಜೀವನು ಪರತಂತ್ರ. ಕರ್ತೃತ್ವವು ಜೀವನಿಗುಂಟು, ಆದರೆ ಅದು ಪರಾಧೀನ. ಮೇಲುನೋಟಕ್ಕೆ ಹುಡುಗನ ಮಾತು ಸರಿಯೆಂದೇ ತೋರುತ್ತದೆ. ಮರುದಿನ ನಾನು ಅವನಿಗೆ ಕೊಟ್ಟ ಉತ್ತರವಿದು: ಅಂತರ್ಯಾಮಿಯು ಜೀವನೊಳಗಿದ್ದು ಮಾಡಿಸುವುದು, ಆ ಜೀವನ ಸ್ವರೂಪದಲ್ಲಿ ಅನಾದಿಯಾಗಿ ಇರುವುದನ್ನೇ. ಮಳೆಯು ಬಾಳೆಯೊಳಗೆ ಬಾಳೆಯನ್ನೂ ಹಲಸಿನೊಳಗೆ ಹಲಸನ್ನೂ ಬೆಳೆಸುವಂತೆ ಅವನ ಪ್ರೇರಣೆ. ಅದಿಲ್ಲದೆ ನಾನು ನಾನಾಗಿಯೂ ಇರಲಾರೆ. ಚಿಪ್ಪಾದರೋ ರೆಕ್ಸನೊಳಗಿನ ರೆಕ್ಸನನ್ನು ಅಡಗಿಸಿ, ಯಾರದೋ ಹಗೆಯನ್ನು ಅವನ ಕೈಯಿಂದ ತೀರಿಸಿಕೊಳ್ಳುತ್ತದೆ. ಎರಡೂ ಪಾರತಂತ್ರ್ಯವೇ ಆದರೂ ಒಂದು ಸ್ವಭಾವವನ್ನು ಅರಳಿಸುತ್ತದೆ, ಇನ್ನೊಂದು ಅದನ್ನು ಕದಿಯುತ್ತದೆ. ಹುಡುಗ ಬಿಡಲಿಲ್ಲ: ‘ಸ್ವಭಾವವೇ ಕೆಟ್ಟದಾಗಿದ್ದರೆ?’ ಜೀವರಲ್ಲಿ ತಾರತಮ್ಯವನ್ನು ಹೇಳುತ್ತ, ತಮಸ್ಸಿಗೆ ಯೋಗ್ಯರಾದವರೂ ಉಂಟೆನ್ನುವ ಸಿದ್ಧಾಂತಭಾಗವನ್ನು ನಾನು ಗೌರವದಿಂದ ಓದಿದ್ದೇನೆ. ಅದನ್ನು ಹೃದಯಪೂರ್ವಕವಾಗಿ ಒಪ್ಪುವುದು ಈ ವಯಸ್ಸಿನವರೆಗೂ ನನ್ನಿಂದಾಗಿಲ್ಲವೆಂದು ಅವನಿಗೆ ಹೇಳಿದೆ.

ಕಡೆಯ ಕಂತು ಪ್ರಸಾರವಾದದ್ದು 2020ರ ಮೇ 4ರಂದು. ಅಷ್ಟರಲ್ಲಿ ಆಜ್ಞೆ ಹೊರಟಿದೆ. ನಿರಾಶೆ ತಂದ ಆ ಮೊದಲ ಚಿತ್ರದಲ್ಲಿಯೇ ಮಾತಿನಮಲ್ಲಿಯಾದ ಶಿಷ್ಯೆಯಾಗಿ ಪ್ರವೇಶಿಸಿದ್ದ ಅಸೋಕಾ ಎಂಬ ಹುಡುಗಿ, ರೆಕ್ಸನ ತಲೆಯಿಂದ ಚಿಪ್ಪನ್ನು ತೆಗೆಸಿ ಅವನನ್ನು ಅವನಿಗೆ ಮರಳಿಸಿದ್ದಾಳೆ, ಉಳಿದವರನ್ನು ಉಳಿಸಲಾಗಲಿಲ್ಲ. ಅವಳನ್ನು ಕೊಲ್ಲಬಂದ ಆ ಯೋಧರು, ಅವಳ ಮೇಲಣ ಪ್ರೀತಿಯಿಂದ ಅವಳ ಮುಖದ ಮೇಲಿನ ಗುರುತುಗಳನ್ನೇ ತಮ್ಮ ಶಿರಸ್ತ್ರಾಣಗಳಿಗೆ ಕೇಸರಿ ಬಣ್ಣದಲ್ಲಿ ಬರೆದುಕೊಂಡಿದ್ದವರು. ನೌಕೆ ನೆಲಕ್ಕಪ್ಪಳಿಸಿ ಎಲ್ಲರೂ ಮಡಿದ ಮೇಲೆ ಬದುಕುಳಿದ ಇವರಿಬ್ಬರೂ, ಯಾವ ಮಾತೂ ಇಲ್ಲದೆ, ಅವರನ್ನು ಮಣ್ಣು ಮಾಡುತ್ತಾರೆ. ಎಲ್ಲರಿಗೂ ಸೇರಿಸಿ ಒಂದು ದಿಬ್ಬ ಸಾಕಾಗುತ್ತಿತ್ತು, ಮುಖ ಹೇಗೂ ಒಂದೇ. ಸಾಲುಸಾಲಾಗಿ ಗೂಟಗಳನ್ನು ನೆಟ್ಟು, ಒಂದೊಂದರ ಮೇಲೆ ಒಂದೊಂದು ಶಿರಸ್ತ್ರಾಣವನ್ನು ಇಟ್ಟಿದ್ದಾರೆ. ಮೊಮ್ಮಗ ತೆರೆಗೆ ಬೆರಳು ತಾಗಿಸಿ, ಒಂದೊಂದನ್ನೇ ಎಣಿಸತೊಡಗಿದ.