ನೀರು ಯಾರದು?



ಆದಿಕಾಂಡದ 26ನೇ ಅಧ್ಯಾಯದಲ್ಲಿ ಇಸಾಕನ ಸೇವಕರು ಗೆರಾರಿನ ಕಣಿವೆಯಲ್ಲಿ ಬಾವಿ ತೋಡುತ್ತಾರೆ. ನೀರು ಸಿಕ್ಕ ಕೂಡಲೇ ಅಲ್ಲಿನ ದನಗಾಹಿಗಳು ಅದು ತಮ್ಮದೆಂದು ಜಗಳಕ್ಕೆ ಬರುತ್ತಾರೆ. ಎರಡನೇ ಬಾವಿಗೂ ಜಗಳ. ಇಸಾಕನು ಆ ಜಾಗ ಬಿಟ್ಟು ಮುಂದೆ ಹೋಗಿ ಮೂರನೆಯದನ್ನು ತೋಡಿದ ಮೇಲೆ ಸಮಾಧಾನ.

ಭೈರವಾನಿತಿಪ್ಪದ ಸುತ್ತಿನ ನಮಗೆ ಹಾಗೆ ಮುಂದೆ ಹೋಗಲು ಜಾಗವಿಲ್ಲ. ಹಗರಿಯ ಜಲಾಶಯದಲ್ಲಿ ನೀರೆಷ್ಟಿದೆ ಎಂಬುದು ಕಟ್ಟೆಯ ಮೇಲೆ ನಿಂತವರಿಗೆಲ್ಲ ಕಾಣುತ್ತದೆ. ನೆಲದೊಳಗಿನ ನೀರು ಕಾಣುವುದಿಲ್ಲ. ಗಟ್ಟಿ ಕಲ್ಲಿನ ಬಿರುಕುಗಳಲ್ಲಿರುವ ಅದಕ್ಕೆ ಹೊಲದ ಬದು ಗೊತ್ತಿಲ್ಲ. ಒಬ್ಬರು ಆಳಕ್ಕೆ ಬೋರು ಕೊರೆಸಿದರೆ ಪಕ್ಕದವರ ಬೋರು ಬತ್ತಬಹುದು.

ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಸಾಲ ಮಾಡಿ ಬೋರು ಹಾಕಿಸಿದವರು, "ನನ್ನ ಹೊಲ, ನನ್ನ ನೀರು" ಎನ್ನುತ್ತಾರೆ. ಕೊಡ ಹಿಡಿದು ನಿಂತ ತಾಯಂದಿರು, "ಮೊದಲು ಕುಡಿಯೋಕೆ, ಆಮೇಲೆ ಭತ್ತ" ಎನ್ನುತ್ತಾರೆ. ಅಧಿಕಾರಿಗಳು 2002ರ ವಾಲ್ಟಾ ಕಾಯಿದೆ ತೋರಿಸುತ್ತಾರೆ. ಯಾರ ಮಾತೂ ಸುಳ್ಳಲ್ಲ. ಆದರೆ ನಮ್ಮ ಮಾತು ನಿಜವಾಗಿದ್ದರೆ ಅಷ್ಟೇ ಸಾಕೇ?

ಸಾಲದು. ಕೆಲವು ವರ್ಷಗಳ ಹಿಂದೆ ಅನಂತಪುರವೂ ಸೇರಿ 7 ಜಿಲ್ಲೆಗಳಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ರೈತರೇ ಅಂತರ್ಜಲ ನೋಡಿಕೊಳ್ಳುವ ಯೋಜನೆ ನಡೆಯಿತು. ರೈತರು ಮಳೆಯನ್ನೂ ಬೋರುಗಳ ನೀರಿನ ಮಟ್ಟವನ್ನೂ ತಾವೇ ಅಳೆದು ಬರೆದರು. ಹಿಂಗಾರಿಗೆ ಮುಂಚೆ ಒಟ್ಟಿಗೆ ಕೂತು, ಇರುವ ನೀರೆಷ್ಟು, ಬಿತ್ತಬೇಕೆಂದಿರುವ ಬೆಳೆಗೆ ಬೇಕಾದದ್ದೆಷ್ಟು ಎಂದು ಲೆಕ್ಕ ಹಾಕಿದರು. ಭತ್ತ ಬೇಡವೆಂದು ಯಾರೂ ಕಟ್ಟು ಹಾಕಲಿಲ್ಲ. ಲೆಕ್ಕ ಕಂಡ ಅನೇಕರು ತಾವಾಗಿಯೇ ಕಡಿಮೆ ನೀರಿನ ಬೆಳೆಗೆ ತಿರುಗಿದರು. ಬೇರೆ ಬೇರೆ ಮಾತಿನವರಿಗೆ ಒಂದೇ ಲೆಕ್ಕ ಸಿಕ್ಕಿತ್ತು.

ಆದರೂ ಒಂದು ತೊಡಕು ಉಳಿಯುತ್ತದೆ. ಹತ್ತು ಎಕರೆಯವರು ಒಂದು ಎಕರೆ ಭತ್ತ ಬಿಡುವುದೂ, ಒಂದೇ ಎಕರೆ ಇರುವವರು ಅದನ್ನು ಬಿಡುವುದೂ ಒಂದೇ ಅಲ್ಲ. ಲೆಕ್ಕದಲ್ಲಿ ಎರಡೂ ಸಮ, ನ್ಯಾಯದಲ್ಲಿ ಅಲ್ಲ. ಹೆಚ್ಚು ಎತ್ತುವವರು ಮೊದಲು ಬಿಡಬೇಕು. ಕುಡಿಯುವ ಶುದ್ಧ ನೀರು ಪ್ರತಿಯೊಬ್ಬರ ಮೂಲ ಹಕ್ಕು ಎಂದು ಪೋಪ್ ಫ್ರಾನ್ಸಿಸ್ ತಮ್ಮ 2015ರ ವಿಶ್ವಪತ್ರ 'ಲೌದಾತೊ ಸೀ'ಯಲ್ಲಿ ಬರೆದಿದ್ದಾರೆ. ಹಾಗಾದರೆ ಲೆಕ್ಕದ ಮೊದಲ ಸಾಲು ಕೊಡದ ನೀರಿನದೇ ಆಗಬೇಕು.

ನೆರೆಯವರನ್ನು ಪ್ರೀತಿಸಿ ಎಂಬ ಆಜ್ಞೆಯನ್ನು ನಾವು ಬಾಯಿಪಾಠ ಮಾಡಿದ್ದೇವೆ. ಈ ನೆಲದಲ್ಲಿ ನೆರೆಯವರೆಂದರೆ ನಮ್ಮ ಬೋರಿನ ಅದೇ ಬಿರುಕಿನಿಂದ ನೀರು ಕುಡಿಯುವವರು. ಮುಂದಿನ ಬೋರಿನ ಜಾಗ ಗುರುತಿಸುವ ಮೊದಲು ಅವರ ಮನೆಗೆ ಹೋಗಿ ಒಂದು ಮಾತು ಕೇಳೋಣ.