ಅಂಗಿಯ ಮೇಲಿನ ನೆಲಗುಬ್ಬಿ



ನಿಮ್ಮ ಮಗ ಹೊಸ ಟೀ ಶರ್ಟ್ ತೊಟ್ಟು ಮಗ್ರಿಬ್ ನಮಾಝಿಗೆ ಹೊರಟಿದ್ದಾನೆ ಎಂದಿಟ್ಟುಕೊಳ್ಳಿ. ಬೆನ್ನ ತುಂಬ ಪುಟ್ಟ ಹಕ್ಕಿಯೊಂದರ ಫೋಟೊ: ಬೂದು ನೆತ್ತಿ, ಕಪ್ಪು ಹೊಟ್ಟೆ. ಮಧುಗಿರಿ ತಾಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಗೆಳೆಯ ತೆಗೆದ ನೆಲಗುಬ್ಬಿಯ ಚಿತ್ರ. ಅದನ್ನೇ ಬಟ್ಟೆಗೆ ಅಚ್ಚು ಹಾಕಿಸಿ ಕೊಟ್ಟಿದ್ದಾನೆ. ಮಸೀದಿಯಲ್ಲಿ ಹಿಂದಿನ ಸಾಲಿನ ಹಿರಿಯರೊಬ್ಬರು ಎಲ್ಲರೆದುರು ಗದರಿಸುತ್ತಾರೆ. ಹುಡುಗ ಮರುದಿನ ಮಸೀದಿಯ ಕಡೆ ತಲೆ ಹಾಕುವುದಿಲ್ಲ. ಅವನಿಗೆ ನೀವೇನು ಹೇಳುವಿರಿ?

ಹಿರಿಯರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಹಝ್ರತ್ ಆಯಿಶಾ(ರ)ರ ಮನೆಯಲ್ಲಿ ಹಕ್ಕಿಯ ಚಿತ್ರವಿದ್ದ ಒಂದು ಪರದೆಯಿತ್ತು. ಮನೆಯೊಳಗೆ ಬರುವಾಗಲೆಲ್ಲ ಅದು ಕಣ್ಣಿಗೆ ಬಿದ್ದು ಪ್ರಪಂಚದ ನೆನಪು ತರುತ್ತದೆಂದು ಹೇಳಿ ಪ್ರವಾದಿವರ್ಯರು(ಸ) ಅದನ್ನು ಬೇರೆಡೆಗೆ ಸರಿಸಲು ತಿಳಿಸಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಅಬೂ ಜಹ್ಮ್(ರ) ಕೊಟ್ಟ ಚಿತ್ತಾರದ ಹೊದಿಕೆ ನಮಾಝಿನಲ್ಲಿ ಮನಸ್ಸನ್ನು ಸೆಳೆದಾಗ ಅದನ್ನು ಅವರಿಗೇ ಹಿಂದಿರುಗಿಸಿದರು. ಆದರೆ ಬರಿದೇ ಹಿಂದಿರುಗಿಸಲಿಲ್ಲ, ಅವರ ಬಳಿಯಿದ್ದ ಸಾದಾ ಹೊದಿಕೆಯನ್ನು ಕೇಳಿ ಪಡೆದರು. ಕೊಟ್ಟವರ ಮನಸ್ಸು ನೋಯಬಾರದಲ್ಲವೇ! ನಮ್ಮ ಹಿರಿಯರು ಮರೆತದ್ದು ಇದನ್ನು.

ಕ್ಯಾಮರಾದ ಚಿತ್ರವು ಕೈಯಿಂದ ಬರೆದ ಚಿತ್ರಕ್ಕೆ ಸಮಾನವೇ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಸಮಾನವೇ ಎನ್ನುವವರಿದ್ದಾರೆ. ಈಜಿಪ್ಟಿನ ಮುಫ್ತಿಯಾಗಿದ್ದ ಮುಹಮ್ಮದ್ ಬಖೀತ್ ಅಲ್ ಮುತೀಈಯವರು, ಇದು ನೆರಳನ್ನು ಹಿಡಿದಿಡುವುದಷ್ಟೇ ಎಂದು ಅದಕ್ಕೆ ಅನುಮತಿ ನೀಡಿದ್ದರು. ಅದೇನೇ ಇರಲಿ, ಹಿಂದೆ ನಿಂತವನ ಕಣ್ಣು ಸಜ್ದಾದ ಜಾಗ ಬಿಟ್ಟು ಹಕ್ಕಿಯ ಮೇಲೆ ಹರಿಯುವುದಂತೂ ಖಂಡಿತ.

ಆದರೆ ನನ್ನನ್ನು ಹೆಚ್ಚು ಕಾಡುವುದು ಬಟ್ಟೆಯ ಮೇಲಿನ ಹಕ್ಕಿಯಲ್ಲ, ಬಯಲಿನ ಹಕ್ಕಿ. ಪಕ್ಷಿಗಳೂ ನಿಮ್ಮಂತೆಯೇ ಸಮುದಾಯಗಳೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ರೆಕ್ಕೆ ಬಿಚ್ಚಿದ ಹಕ್ಕಿಗೂ ತನ್ನ ಪ್ರಾರ್ಥನೆಯ ಅರಿವಿದೆಯೆನ್ನುತ್ತದೆ. ನೆಲಗುಬ್ಬಿ ಮರದಲ್ಲಿ ಗೂಡು ಕಟ್ಟುವುದಿಲ್ಲ. ಹುಲ್ಲುಬುಡದ ಪಕ್ಕ ನೆಲದ ಸಣ್ಣ ತಗ್ಗೇ ಅದರ ಮನೆ. ಕಂದು ಬಣ್ಣದ ಹೆಣ್ಣು ಅಲ್ಲಿ ಕುಳಿತರೆ ಮಣ್ಣಾವುದು ಹಕ್ಕಿಯಾವುದು ತಿಳಿಯದು. ಸೃಷ್ಟಿಕರ್ತನು ಅದಕ್ಕೆ ಕೊಟ್ಟ ರಕ್ಷಣೆ ಅದು. ಫೋಟೊ ಚೆನ್ನಾಗಿ ಬರಲೆಂದು ಗೂಡಿನ ಸುತ್ತಲ ಹುಲ್ಲನ್ನು ಸರಿಸುವವರಿದ್ದಾರೆ, ಕತ್ತರಿಸುವವರೂ ಇದ್ದಾರೆ. ಆಗ ಮೊಟ್ಟೆಗಳು ಬಿಸಿಲಿಗೂ ಕಾಗೆಯ ಕಣ್ಣಿಗೂ ಬೀಳುತ್ತವೆ. ಬೆದರಿದ ತಾಯಿ ಮರಳದೆಯೂ ಇರಬಹುದು. ಎಲ್ಲರೂ ಹೀಗಲ್ಲ. ದೂರದಲ್ಲಿ ಜೀಪಿನೊಳಗೇ ಕುಳಿತು ಗಂಟೆಗಟ್ಟಲೆ ಕಾಯುವವರೂ ಇದ್ದಾರೆ. ಇನ್ನು, ಸರಕಾರಿ ದಾಖಲೆಗಳಲ್ಲಿ ಇಂಥ ಎಷ್ಟೋ ಹುಲ್ಲುಗಾವಲುಗಳ ಹೆಸರು ‘ಪಾಳುಭೂಮಿ’!

ಒಂದು ಪ್ರಯಾಣದಲ್ಲಿ ಸಹಾಬಿಗಳು ಪುಟ್ಟ ಹಕ್ಕಿಯೊಂದರ ಎರಡು ಮರಿಗಳನ್ನು ಎತ್ತಿಕೊಂಡರು. ತಾಯಿಹಕ್ಕಿ ರೆಕ್ಕೆ ಬಡಿಯುತ್ತಾ ಸುತ್ತತೊಡಗಿತು. ಅಷ್ಟರಲ್ಲಿ ಬಂದ ಪ್ರವಾದಿವರ್ಯರು(ಸ), ಇದರ ಮರಿಗಳನ್ನು ತೆಗೆದು ಇದನ್ನು ನೋಯಿಸಿದವರು ಯಾರೆಂದು ವಿಚಾರಿಸಿ, ಮರಿಗಳನ್ನು ಮರಳಿಸುವಂತೆ ಆಜ್ಞಾಪಿಸಿದರು. ಅಬೂದಾವೂದ್‌ನಲ್ಲಿ ಈ ಘಟನೆಯಿದೆ. ಅವರು ಮರಿಗಳನ್ನು ಕೊಂದಿರಲಿಲ್ಲ ಎಂಬುದನ್ನು ಗಮನಿಸಿ.

ಆದ್ದರಿಂದ ಮಗನ ಬಳಿ ಕುಳಿತು ಕೇಳಿ: ನಿನ್ನ ಗೆಳೆಯ ಈ ಚಿತ್ರವನ್ನು ಎಷ್ಟು ದೂರದಿಂದ ತೆಗೆದ? ಗೂಡಿನ ಬಳಿ ಹೋಗಿದ್ದನೇ? ಉತ್ತರ ಅವನಿಗೆ ಗೊತ್ತಿರಲಿಕ್ಕಿಲ್ಲ, ಹೋಗಿ ಕೇಳಿಕೊಂಡು ಬರಲಿ. ನಮಾಝಿಗೆಂದು ಒಂದು ಸಾದಾ ಅಂಗಿಯನ್ನು ಬಾಗಿಲ ಬಳಿಯ ಮೊಳೆಗೆ ತೂಗುಹಾಕಿಡಿ. ನಾಳೆ ಮಗ್ರಿಬ್‌ಗೆ ಅವನ ಜೊತೆ ನೀವೂ ಹೊರಡಿ. ಆ ಹಿರಿಯರು ಎದುರಾದರೆ ಸಲಾಮ್ ನಿಮ್ಮಿಂದಲೇ ಮೊದಲಾಗಲಿ.